ಊರು ಕೇಳಿ ಉತ್ತರ ಕೊಡುತ್ತಿದ್ದವರು

ಅವರು ಫೋನಿನಲ್ಲಿ ಟೈಪ್ ಮಾಡುತ್ತಿದ್ದದ್ದು ಎಡಗೈಯ ಕಿರುಬೆರಳಿನಲ್ಲಿ. ನಲವತ್ತು ವರ್ಷ ಸೋಲ್ಡರಿಂಗ್ ಕಡ್ಡಿ ಹಿಡಿದು ಉಳಿದ ಬೆರಳುಗಳ ತುದಿಗಳು ಸುಟ್ಟು, ಒಣಗಿ, ಮತ್ತೆ ಸುಟ್ಟು ಗಟ್ಟಿಯಾಗಿಬಿಟ್ಟಿದ್ದವು. ಫೋನಿನ ಗಾಜಿಗೆ ಅವು ಬೆರಳುಗಳೆಂದೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕಿರುಬೆರಳೊಂದನ್ನು ಮುಂದೆ ಚಾಚಿ, ಉಳಿದವನ್ನು ಮಡಚಿ, ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಅಕ್ಷರ ಒತ್ತುತ್ತಿದ್ದರು. ನಾಲ್ಕು ಸಾಲು ಬರೆಯಲು ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ಕಡಲ ಬದಿಯ ಉಪ್ಪಳದಲ್ಲಿ ನಾವೆಲ್ಲ ಅವರನ್ನು ಇಚ್ಚ ಎಂದು ಕರೆಯುತ್ತಿದ್ದೆವು. ನಮ್ಮ ಕಡೆಯ ಬ್ಯಾರಿಗಳು ಅಣ್ಣನಿಗೆ ಹೇಳುವ ಮಾತು ಅದು. ಗಲ್ಫಿನಲ್ಲಿ ಹದಿನೆಂಟು ವರ್ಷ ಟಿವಿ, ಓವನ್ ರಿಪೇರಿ ಮಾಡಿ ಬಂದು ಪೇಟೆಯಲ್ಲಿ ಅಂಗಡಿ ಹಾಕಿದ್ದರು. ಹೆದ್ದಾರಿ ಅಗಲವಾಗುವಾಗ ನನ್ನ ಮೊಬೈಲ್ ರಿಪೇರಿಯ ಗೂಡಂಗಡಿ ಮಣ್ಣುಪಾಲಾಯಿತು. ಮಂಗಲ್ಪಾಡಿಯ ಮನೆಯಲ್ಲಿ ಕೂತರೆ ಗಿರಾಕಿಗಳು ಬರುವುದಿಲ್ಲ. ಒಂದು ಬೆಳಿಗ್ಗೆ ಇಚ್ಚ ತಮ್ಮ ಮೇಜಿನ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಈಚೆ ನೀನು, ಆಚೆ ನಾನು. ಗೆರೆ ದಾಟಿ ನನ್ನ ಸ್ಕ್ರೂ ತೆಗೆದರೆ ಮಾತ್ರ ಜಗಳ" ಎಂದರು. ಆ ಗೆರೆ ವಾರದಲ್ಲೇ ಅಳಿಸಿಹೋಯಿತು. ಸ್ಕ್ರೂಗಳ ಬಗ್ಗೆ ಜಗಳ ಆರು ವರ್ಷ ನಡೆಯಿತು.

ಮಧ್ಯಾಹ್ನದ ನಮಾಜು, ಊಟ ಮುಗಿಸಿ ಮೂರು ಗಂಟೆಗೆ ಅವರು ಈ ಟೈಪಿಂಗಿಗೆ ಕೂರುತ್ತಿದ್ದರು. ಗಿರಾಕಿ ಬಂದರೆ "ಕೂತ್ಕೊಳ್ಳಿ" ಎಂದು ಕಣ್ಣೆತ್ತದೆ ಹೇಳುವರು. ಕುತೂಹಲ ನನ್ನ ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಕಷ್ಟಪಟ್ಟು ಯಾರಿಗೆ ಬರೆಯುತ್ತಾರೆ ಎಂದು ನನಗೆ ತಿಳಿಯಲೇಬೇಕಿತ್ತು. ಎರಡು ವಾರ ತಡೆದುಕೊಂಡೆ. ಮೂರನೆಯ ವಾರ ಟೀ ಕೊಡುವ ನೆಪದಲ್ಲಿ ಹಿಂದಿನಿಂದ ಬಗ್ಗಿ ನೋಡಿದೆ.

"ನೋಡುವುದಾದರೆ ಮುಂದೆ ಬಂದು ನೋಡು ಮಾರಾಯ್ತಿ. ಕದ್ದು ಎಂತಕ್ಕೆ?" ಎಂದರು.

ಅದು ರಿಪೇರಿ ಮಾಡುವವರ ಒಂದು ಫೋರಂ. ಜಗತ್ತಿನ ಯಾವ ಮೂಲೆಯಿಂದಲೋ ಯಾರೋ ಒಬ್ಬರು ತಮ್ಮ ಕೆಟ್ಟ ಯಂತ್ರದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಾರೆ. ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಒಳ್ಳೆಯ ಉತ್ತರಕ್ಕೆ ಓದಿದವರು ಅಂಕ ಕೊಡುತ್ತಾರೆ. ಇಚ್ಚನಿಗೆ ಅಲ್ಲಿ ಸಾವಿರಗಟ್ಟಲೆ ಅಂಕ ಇತ್ತು. ಅದು ಎಷ್ಟೆಂದು ಅವರಿಗೇ ಗೊತ್ತಿರಲಿಲ್ಲ.

ನನಗೆ ವಿಚಿತ್ರವೆನಿಸಿದ್ದು ಅವರು ಬರೆಯುವ ಕ್ರಮ. ಯಾರು ಏನೇ ಕೇಳಲಿ, ಅವರ ಮೊದಲ ಸಾಲು ಒಂದೇ: "ನಮಸ್ಕಾರ. ನೀವು ಯಾವ ಊರಿನವರು?" ಅದಾದ ಮೇಲೆ ಯಂತ್ರ ಮನೆಯಲ್ಲಿ ಎಲ್ಲಿ ಇಟ್ಟಿದೆ, ಈವರೆಗೆ ಏನೇನು ಮಾಡಿದ್ದೀರಿ ಎಂಬ ಪ್ರಶ್ನೆಗಳು. ಕೆಲವರು ಸಿಟ್ಟಾಗುತ್ತಿದ್ದರು. ನನ್ನ ಟಿವಿಗೂ ನನ್ನ ಊರಿಗೂ ಏನು ಸಂಬಂಧ ಎಂದು ಒಬ್ಬ ಬರೆದಿದ್ದ.

"ಹೌದಲ್ಲ ಇಚ್ಚ, ಊರು ಎಂತಕ್ಕೆ?" ಎಂದು ನಾನೂ ಕೇಳಿದೆ.

"ನಿನ್ನ ಮನೆಗೆ ಯಾರಾದರೂ ಬಂದರೆ ನಿನ್ನ ಅಮ್ಮ ಎಂತ ಮಾಡ್ತಾರೆ? ನೀರು ಬೆಲ್ಲ ಕೊಟ್ಟು, ಎಲ್ಲಿಂದ ಬಂದದ್ದು ಅಂತ ಕೇಳ್ತಾರೆ. ಆಮೇಲೆ ಅಲ್ವಾ ಬಂದ ವಿಷಯ? ಇಲ್ಲಿ ನೀರು ಕೊಡ್ಲಿಕ್ಕೆ ಆಗುವುದಿಲ್ಲ, ಊರಾದರೂ ಕೇಳುವ."

ಸ್ಕ್ರೂ ಬಿಚ್ಚುತ್ತಾ ಅವರೇ ಮುಂದುವರಿಸಿದರು. "ಮತ್ತೊಂದು ಉಂಟು. ಉಪ್ಪಳದ ಟಿವಿ ಹಾಳಾಗುವುದು ಉಪ್ಪುಗಾಳಿಗೆ. ಗುಡ್ಡೆ ಬದಿಯ ಮುಳ್ಳೇರಿಯದ್ದು ಸಿಡಿಲಿಗೆ. ದುಬೈಯದ್ದು ಮರಳಿಗೆ. ಊರು ಗೊತ್ತಾದರೆ ಅರ್ಧ ರಿಪೇರಿ ಆಯ್ತು."

ಹಾಗೆಂದು ಅವರು ಸಾಧು ಮನುಷ್ಯ ಎಂದುಕೊಳ್ಳಬೇಡಿ. ಅಂಗಡಿಗೆ ಬಂದವರಿಗೆ ಚೆನ್ನಾಗಿ ಬೈಯುತ್ತಿದ್ದರು. ಮಿಕ್ಸಿಯೊಳಗೆ ಚಮಚ ಬಿಟ್ಟು ತಿರುಗಿಸಿದ ಹೆಂಗಸಿಗೆ, "ಚಮಚದ ಚಟ್ನಿ ರುಚಿ ಇತ್ತಾ?" ಎಂದು ಕೇಳಿದವರು ಅವರು. ಅದೇ ಮನುಷ್ಯ ಫೋರಂನಲ್ಲಿ, ಪ್ಲಗ್ಗನ್ನೇ ಹಾಕದೆ ಯಂತ್ರ ಓಡುವುದಿಲ್ಲ ಎಂದವನಿಗೆ, "ಇದು ನನಗೂ ಒಮ್ಮೆ ಆಗಿದೆ" ಎಂದು ಬರೆಯುತ್ತಿದ್ದರು. ಈ ಎರಡು ನಾಲಿಗೆ ಯಾಕೆ ಎಂದು ಕೆಣಕಿದೆ.

"ಇಲ್ಲಿ ಬೈದರೆ ನನ್ನ ಮುಖ ಕಾಣ್ತದೆ. ಅಲ್ಲಿ ಬರೆದದ್ದು ಮಾತ್ರ ಕಾಣುವುದು. ನಗಾಡಿದ್ದು ಕಾಣುವುದಿಲ್ಲ" ಎಂದರು.

ಗೊತ್ತಿಲ್ಲದ ಪ್ರಶ್ನೆಗೂ ಅವರು ಗೊತ್ತಿಲ್ಲ ಎಂದು ಬರೆಯುತ್ತಿದ್ದರು. ಮೂರು ದಿನ ಯಾರೂ ಮುಟ್ಟದೆ ಬಿದ್ದಿರುವ ಪ್ರಶ್ನೆಗಳನ್ನು ಹುಡುಕಿ, "ಓದಿದೆ. ನನಗೆ ಗೊತ್ತಿಲ್ಲ. ನಿಮಗೆ ಉತ್ತರ ಸಿಕ್ಕಿದರೆ ಇಲ್ಲಿ ಬರೆಯಿರಿ, ನಾನೂ ಕಲಿಯುತ್ತೇನೆ" ಎನ್ನುವರು. ಅಷ್ಟು ಬರೆಯಲು ಹತ್ತು ನಿಮಿಷ ದಂಡ. ಬಾಗಿಲು ತಟ್ಟಿದವರಿಗೆ ಮನೆಯಲ್ಲಿ ಯಜಮಾನರಿಲ್ಲ ಎಂದಾದರೂ ಒಳಗಿನಿಂದ ಯಾರಾದರೂ ಹೇಳಬೇಕು ಎಂಬುದು ಅವರ ವಾದ. ತಾವು ಕೈಯಾರೆ ಮಾಡಿ ನೋಡಿದ್ದನ್ನು "ಮಾಡಿದ್ದು" ಎಂದೂ, ಇತರರಿಂದ ಕೇಳಿದ್ದನ್ನು "ಕೇಳಿದ್ದು" ಎಂದೂ ಬೇರೆ ಬೇರೆಯಾಗಿ ಬರೆಯುತ್ತಿದ್ದರು.

ನೋಡಿ ನೋಡಿ ನನಗೂ ಚಪಲ ಹತ್ತಿತು. ಒಂದು ಖಾತೆ ತೆರೆದೆ. ನನ್ನ ಹತ್ತೂ ಬೆರಳು ಓಡುತ್ತವೆ, ಡಿಪ್ಲೊಮಾ ಬೇರೆ ಇದೆ. ಇಚ್ಚ ನಮಸ್ಕಾರ ಬರೆದು ಮುಗಿಸುವುದರೊಳಗೆ ನಾನು ಮೂರು ಉತ್ತರ ಎಸೆಯುತ್ತಿದ್ದೆ. ಊರು ಕೇರಿ ಕೇಳುವ ಗೋಜಿಲ್ಲ. ಅಂಕ ಬಿದ್ದಾಗಲೆಲ್ಲ ಅವರಿಗೆ ಕೇಳುವ ಹಾಗೆ ಎಣಿಸುತ್ತಿದ್ದೆ. ಅವರು ಕಿರುಬೆರಳಿನಲ್ಲಿ ಮುಂದಿನ ಅಕ್ಷರ ಒತ್ತುತ್ತಿದ್ದರು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಒಬ್ಬಾಕೆಯ ಪ್ರಶ್ನೆ ಬಂತು. ಕಸೂತಿ ಹಾಕುವ ಯಂತ್ರ ಆಕೆಯದು. ಮನೆಯ ಮಾಡು ಸೋರಿ ಒಳಗಿನ ಬೋರ್ಡಿಗೆ ನೀರು ಹೋಗಿದೆ, ಹಸಿರು ಪಾಚಿಯಂಥದ್ದು ಹತ್ತಿದೆ, ಏನು ಮಾಡಲಿ ಎಂದು ಫೋಟೋ ಸಮೇತ ಕೇಳಿದ್ದಳು. ಇಂಥ ಬೋರ್ಡುಗಳನ್ನು ನಾವು ಇಲ್ಲಿ ವಾರಕ್ಕೆರಡು ನೋಡುತ್ತೇವೆ. ಕಡಲ ಬದಿಯ ರಿಪೇರಿಯವರೆಲ್ಲ ಮಾಡುವುದು ಒಂದೇ. ಸೋಪು ನೀರಿನಲ್ಲಿ ಹಳೆಯ ಬ್ರಶ್ಶಿನಿಂದ ತಿಕ್ಕಿ ತೊಳೆದು, ಟೆರೇಸಿನಲ್ಲಿ ಒಣಮೀನಿನ ಪಕ್ಕ ಎರಡು ಗಂಟೆ ಬಿಸಿಲಿಗಿಟ್ಟರೆ ಬೋರ್ಡು ಹಪ್ಪಳದಂತಾಗುತ್ತದೆ. ನಾನು ಐದು ನಿಮಿಷದಲ್ಲಿ ಅದನ್ನೇ ಬರೆದೆ: ತೊಳೆಯಿರಿ, ಎರಡು ಗಂಟೆ ಬಿಸಿಲಿಗಿಡಿ, ಮತ್ತೆ ಜೋಡಿಸಿ. ಅಂಕಗಳು ಬಿದ್ದವು.

ಮರುದಿನ ಆಕೆ ಬರೆದಳು: "ನೀವು ಹೇಳಿದ ಹಾಗೆ ಮಾಡಿದೆ. ಹೊಗೆ ಬಂತು. ಈಗ ಏನೂ ಇಲ್ಲ."

ಅಷ್ಟಾದರೂ ನನ್ನ ಬೆರಳು ನಾಚಲಿಲ್ಲ. "ಸರಿಯಾಗಿ ಒಣಗಿಸದೆ ಕರೆಂಟು ಕೊಟ್ಟದ್ದು ನಿಮ್ಮ ತಪ್ಪು" ಎಂದು ಬರೆದೆ. ಅದಕ್ಕೂ ಮೂವರು ಅಂಕ ಕೊಟ್ಟರು. ಆಕೆಯ ಉತ್ತರ ಸಂಜೆ ಬಂತು. ತಾನಿರುವುದು ಮೇಘಾಲಯದ ಬೆಟ್ಟದಲ್ಲಿ. ತಿಂಗಳಿಂದ ಬಿಸಿಲೆಂದರೆ ಮೋಡದ ಹಿಂದಿನ ಬೆಳಕು ಮಾತ್ರ. "ನೀವು ಎರಡು ಗಂಟೆ ಎಂದಿರಿ. ನಾನು ಗಡಿಯಾರ ನೋಡಿ ಎರಡು ಗಂಟೆ ಇಟ್ಟೆ. ಶಾಲೆಯ ಮಕ್ಕಳ ಸಮವಸ್ತ್ರಕ್ಕೆ ಹೆಸರು ಹೊಲಿದು ಕೊಡಬೇಕು. ನನಗಿರುವುದು ಇದೊಂದೇ ಯಂತ್ರ. ಕೆಲಸ ಬೇರೆಯವರಿಗೆ ಹೋದರೆ ಮತ್ತೆ ನನ್ನ ಹತ್ತಿರ ಬರುವುದಿಲ್ಲ."

ನಾನು ನನ್ನೆರಡು ಬರಹಗಳನ್ನೂ ಅಳಿಸಿಹಾಕಲು ಹೊರಟೆ. ಆಗ ಆಚೆಯಿಂದ ಇಚ್ಚ, "ಅಳಿಸಬೇಡ" ಎಂದರು. ಎಲ್ಲವನ್ನೂ ಓದಿಕೊಂಡೇ ಕೂತಿದ್ದರು ಎಂದು ಆಗ ತಿಳಿಯಿತು.

"ತಪ್ಪು ಉತ್ತರ ಇಚ್ಚ. ಇನ್ಯಾರಾದರೂ ಓದಿ ಹಾಗೇ ಮಾಡಿದರೆ?"

"ಅದಕ್ಕೆ ಮೇಲೆ ಬರೆ, ಇದು ತಪ್ಪು ಅಂತ. ಅಳಿಸಿದರೆ ನೀನು ಮಾತ್ರ ಚಂದ ಆಗ್ತಿ. ಅವಳು ಬರೆದದ್ದು ಅಲ್ಲೇ ಉಳೀತದೆ. ನಾಳೆ ಓದಿದವರಿಗೆ ಅವಳು ಹುಚ್ಚಿಯ ಹಾಗೆ ಒಬ್ಬಳೇ ಮಾತಾಡಿದ್ದು ಅಂತ ಕಾಣ್ತದೆ."

"ಹಾಗಾದರೆ ನೀವೇ ಒಂದು ಒಳ್ಳೆಯ ಉತ್ತರ ಬರೆದುಬಿಡಿ. ನಾನು ಸುಮ್ಮನಿರ್ತೇನೆ."

"ನಾನು ಬರೆಯುವುದಿಲ್ಲ. ಅವಳು ನಂಬಿದ್ದು ನಿನ್ನನ್ನು, ನನ್ನನ್ನಲ್ಲ."

ಅವರ ಧ್ವನಿಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದೂವರೆ ದಿನ ನಾನು ಆ ಫೋರಂ ತೆರೆಯಲಿಲ್ಲ. ಬೆಟ್ಟದ ಮೇಲೆ ಒಬ್ಬಳು ಸತ್ತ ಯಂತ್ರದ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಕೊನೆಗೆ ಉತ್ತರದ ಮೇಲೆ ಬರೆದೆ: "ಇದು ತಪ್ಪು. ಕೇಳಿದವರ ಊರು, ಹವೆ ವಿಚಾರಿಸದೆ ನಮ್ಮೂರಿನ ಬಿಸಿಲಿನ ಲೆಕ್ಕದಲ್ಲಿ ಹೇಳಿದೆ. ಬೋರ್ಡು ಸುಟ್ಟದ್ದು ನನ್ನಿಂದ. ಅವರ ತಪ್ಪು ಎಂದದ್ದೂ ತಪ್ಪು." ಬರೆದು, ಫೋನ್ ಕೆಳಗಿಟ್ಟು, ಹೊರಗೆ ಹೋಗಿ ಅತ್ತೆ. ಒಳಗೆ ಬಂದಾಗ ಇಚ್ಚ ಗುಜರಿಯಿಂದ ಒಂದು ಹಳೆಯ ಬೋರ್ಡು ಹುಡುಕಿ ನನ್ನ ಮುಂದೆ ಇಟ್ಟಿದ್ದರು.

"ಅವಳು ಮಾಡಿದ ಹಾಗೇ ನೀನೂ ಮಾಡು. ತೊಳಿ. ಎರಡು ಗಂಟೆ ನೆರಳಿನಲ್ಲಿಡು."

ಇಟ್ಟೆ. ಮೇಲೆ ಮುಟ್ಟಿದರೆ ಒಣಗಿತ್ತು. ಒಂದೊಂದೇ ಬಿಡಿಭಾಗ ಕಿತ್ತು ನೋಡಿದರೆ ಟ್ರಾನ್ಸ್‌ಫಾರ್ಮರಿನ ಅಡಿಯಲ್ಲೂ ಕನೆಕ್ಟರಿನ ಸಂದಿಯಲ್ಲೂ ನೀರು ನಿಂತಿತ್ತು. ಆಕೆ ಹಾಕಿದ್ದ ಫೋಟೋದಲ್ಲಿ ಆ ಜಾಗದ ಪಕ್ಕದಲ್ಲೇ ಕರೆಂಟು ಒಳಗೆ ಬರುವ ದಾರಿ. ಎಲ್ಲಿ ಸುಟ್ಟಿರಬಹುದು ಎಂದು ಆಗ ಅಂದಾಜಾಯಿತು. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು, ಹತ್ತಿರದ ಎಲೆಕ್ಟ್ರಿಶಿಯನ್ನಿಂದ ಅಳತೆ ಮಾಡಿಸಿ ಎಂದು ಆಕೆಗೆ ಬರೆದೆ. ಫ್ಯೂಸೂ ಎರಡು ಡಯೋಡುಗಳೂ ಹೋಗಿದ್ದವು. ಆತ ಅವನ್ನು ಬದಲಿಸಿದ. ಉಳಿದದ್ದು ಒಣಗಿಸುವ ಕೆಲಸ. ಬಿಸಿಲೇ ಇಲ್ಲದ ಊರಿನಲ್ಲಿ ಹೇಗೆ ಹೇಳಲಿ ಎಂದು ನಾನು ತಲೆ ಕೆರೆಯುತ್ತಿದ್ದೆ.

"ನಿನಗೆ ಗೊತ್ತಿಲ್ಲದಿದ್ದರೆ ಅವಳಿಗೆ ಗೊತ್ತುಂಟು. ಕೇಳು, ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ವಸ್ತು ಒಣಗಿಸುವುದು ಎಲ್ಲಿ ಅಂತ" ಎಂದರು ಇಚ್ಚ.

ಒಲೆಯ ಮೇಲೆ ಬಿದಿರಿನ ಅಟ್ಟವಿದೆ, ಮೀನು, ಮಾಂಸ ಅಲ್ಲಿ ಒಣಗುತ್ತವೆ ಎಂದಳು. ಕೈ ಹಿಡಿದರೆ ಹಿತವಾಗುವಷ್ಟೇ ಶಾಖ ಇರುವ ಮೂಲೆಯಲ್ಲಿ, ಮಸಿ ತಾಗದ ಹಾಗೆ ತೆಳುಬಟ್ಟೆ ಸುತ್ತಿ, ಮೂರು ದಿನ ಇಡಿ ಎಂದು ಬರೆದೆ. ಆ ಮೂರು ದಿನ ನಾನು ಯಾವ ಫೋನನ್ನೂ ನೆಟ್ಟಗೆ ರಿಪೇರಿ ಮಾಡಲಿಲ್ಲ. ನಾಲ್ಕನೆಯ ದಿನ ಮೂರೂಕಾಲಿಗೆ ಆಕೆಯ ಒಂದೇ ಸಾಲು ಬಂತು: "ಓಡುತ್ತಿದೆ." ಇಚ್ಚನಿಗೆ ತೋರಿಸಿದೆ. ಅವರು ಓದಿ, ಕನ್ನಡಕ ಇಳಿಸಿ, "ಇನ್ನು ನನ್ನ ಸಣ್ಣ ಸ್ಕ್ರೂ ಡ್ರೈವರ್ ಎಲ್ಲಿ ಇಟ್ಟಿದ್ದಿ ಹೇಳು" ಎಂದರು.

ಕಳೆದ ಮಳೆಗಾಲದಲ್ಲಿ ಇಚ್ಚ ತೀರಿಕೊಂಡರು. ಎದೆನೋವೆಂದು ಮಂಗಳೂರಿನ ಆಸ್ಪತ್ರೆಗೆ ಹೋದವರು ಹಿಂದೆ ಬರಲಿಲ್ಲ. ಅಂಗಡಿಯ ಅರ್ಧ ಮೇಜು ಖಾಲಿಯಾಯಿತು. ಫೋರಂನಲ್ಲಿ ಅವರಿಗಾಗಿ ಕಾಯುತ್ತಿದ್ದವರಿಗೆ ಸುದ್ದಿ ತಿಳಿಸಬೇಕಾದವಳು ನಾನೇ. ತಿಳಿಸಿದೆ. ಬ್ರೆಜಿಲಿನಿಂದ, ಪೋಲೆಂಡಿನಿಂದ, ಎಲ್ಲೆಲ್ಲಿಂದಲೋ ಜನ ಬರೆದರು. ಉಪ್ಪಳ ಎಲ್ಲಿದೆ ಎಂದು ಒಬ್ಬರು ಕೇಳಿದ್ದರು.

ಆಮೇಲೆ ಒಂದು ಮಧ್ಯಾಹ್ನ, ಅವರಿಲ್ಲದ ಮೂರು ಗಂಟೆಯನ್ನು ಹೇಗೆ ಕಳೆಯುವುದೆಂದು ತಿಳಿಯದೆ, ಅವರ ಹಳೆಯ ಬರಹಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತಾ ಹೋದೆ. ಮೊದಲ ದಿನದವರೆಗೂ ಹೋದೆ. ಗಲ್ಫಿನ ಕಾಲದ್ದು. ಯಾರೋ ಒಬ್ಬ ಮೈಕ್ರೋವೇವ್ ಓವನ್ ಬಗ್ಗೆ ಕೇಳಿದ್ದ. ಕೆಳಗೆ ಉತ್ತರದ ಜಾಗದಲ್ಲಿ, ಬರೆದವರು ಇದನ್ನು ಅಳಿಸಿದ್ದಾರೆ ಎಂಬ ಸೂಚನೆ ಮಾತ್ರ. ಅದರ ಕೆಳಗೆ ಪ್ರಶ್ನೆ ಕೇಳಿದವನ ಮಾತು: "ನೀವು ಹೇಳಿದ ಹಾಗೆಯೇ ಪ್ಲಗ್ ತೆಗೆದು ಬಿಚ್ಚಿದೆ. ಆದರೂ ಹೊಡೆಯಿತು. ಎರಡು ದಿನದಿಂದ ಬಲಗೈ ಎತ್ತಲಾಗುತ್ತಿಲ್ಲ." ಓವನ್ನಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಕರೆಂಟು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆತನ ಮಾತಿನ ಕೆಳಗೆ ಇನ್ನಾರೋ, "ಯಾರೊಡನೆ ಮಾತಾಡುತ್ತಿದ್ದೀಯಪ್ಪಾ?" ಎಂದು ತಮಾಷೆ ಮಾಡಿದ್ದರು. ಆತ ಮತ್ತೆ ಬರೆದಿರಲಿಲ್ಲ.

ಆ ತಮಾಷೆಯ ಕೆಳಗೆ ಇಚ್ಚನ ಸಾಲು ಇತ್ತು: "ಅಳಿಸಿದ್ದು ನಾನು. ಹೆದರಿ ಅಳಿಸಿದೆ. ಈ ಮನುಷ್ಯ ಹೇಳುತ್ತಿರುವುದು ನಿಜ. ಅಣ್ಣ, ನಿಮ್ಮ ಊರು ಯಾವುದು? ಕೈ ಹೇಗಿದೆ?" ಮತ್ತೆ ಆರು ತಿಂಗಳು ಬಿಟ್ಟು, ಕೈ ಹೇಗಿದೆ? ಮರುವರ್ಷ, ಕೈ ಹೇಗಿದೆ? ಪ್ರತಿ ವರ್ಷವೂ ಒಂದು ಸಾಲು, ಯಾವುದಕ್ಕೂ ಉತ್ತರವಿಲ್ಲ. ಕೊನೆಯದು ಅವರು ಆಸ್ಪತ್ರೆಗೆ ಹೋಗುವ ಒಂದು ವಾರ ಮೊದಲಿನದು.

ಆರು ವರ್ಷ ಒಂದೇ ಮೇಜಿನಲ್ಲಿ ಕೂತು, ಹಿಂದಿನಿಂದ ಮುಂದಿನಿಂದ ಬಗ್ಗಿ ನೋಡಿ, ನಾನು ಇದನ್ನು ಕಂಡಿರಲಿಲ್ಲ. ಅವರು ನನ್ನನ್ನು ಯಾವುದರಿಂದ ಉಳಿಸಿದ್ದರೆಂದು ಆಗ ತಿಳಿಯಿತು. ಆ ಸಾಲುಗಳ ಕೆಳಗೆ ನಾನು ಬರೆದೆ: "ಇವರು ತೀರಿಕೊಂಡಿದ್ದಾರೆ. ನಾನು ಇವರ ಅಂಗಡಿಯವಳು. ನೀವು ಎಂದಾದರೂ ಇದನ್ನು ಓದಿದರೆ, ಕೈ ಹೇಗಿದೆ ಎಂದು ನನಗೆ ಹೇಳಿ." ಈ ವರ್ಷ ಮತ್ತೊಮ್ಮೆ ಕೇಳಿದ್ದೇನೆ.