ರುದ್ರಮ್ಮನ ಮನೆಯಿಂದ ಮೂರನೆಯದು

ಈಗ ತಾನೇ ಕೊರಿಯರಿನವನ ಫೋನು ಬಂತು. ಬೀರೂರಿನಿಂದ ಹೊರಟು ಅಜ್ಜಂಪುರ ಮುಟ್ಟಿದ್ದಾನಂತೆ, ಸ್ಟೇಷನ್ನಿನ ಹತ್ತಿರ ಗಾಡಿ ನಿಲ್ಲಿಸಿಕೊಂಡಿದ್ದಾನಂತೆ. "ಸಾರ್, ಒಂದು ಲ್ಯಾಂಡ್‌ಮಾರ್ಕ್ ಹೇಳಿ ಸಾರ್" ಅಂದ. ಯಾರು ಬೇಕಾದರೂ ಕೇಳುವ ಮಾತೇ. ಆದರೆ ಅದು ಕಿವಿಗೆ ಬಿದ್ದರೆ ನನಗೆ ಮಾತ್ರ ಅಂಗೈ ಬೆವರುತ್ತದೆ. "ಎರಡು ನಿಮಿಷ ಇರಪ್ಪ, ನಾನೇ ಮಾಡ್ತೀನಿ" ಎಂದು ಫೋನಿಟ್ಟು ಚಪ್ಪಲಿ ಹುಡುಕುತ್ತಿದ್ದೇನೆ. ಅದು ಸಿಗುವಷ್ಟರಲ್ಲಿ ನಿಮಗೆ ಕಾರಣ ಹೇಳಿಬಿಡುತ್ತೇನೆ. ನನ್ನ ಚಪ್ಪಲಿ ಅಷ್ಟು ಬೇಗ ಸಿಗುವಂಥದ್ದಲ್ಲ.

ನಾನು ಭೂಗೋಳದ ಮೇಷ್ಟ್ರು. ಮೂವತ್ತೊಂದು ವರ್ಷ ಮಕ್ಕಳ ಕೈಲಿ ನಕ್ಷೆ ತುಂಬಿಸಿದವನು. ಸಮುದ್ರದ ನೀಲಿ ಬಣ್ಣ ಗೀಟು ದಾಟಿ ದಡಕ್ಕೆ ಹತ್ತಿದರೆ ಇಡೀ ನಕ್ಷೆಯನ್ನು ಮತ್ತೆ ಬರೆಸುತ್ತಿದ್ದೆ. ನಿವೃತ್ತನಾದ ಮೇಲೆ ಬೈಯಲು ಮಕ್ಕಳಿಲ್ಲದೆ, ಫೋನ್ ಕಂಪನಿಗಳನ್ನು ಬೈಯಲು ಹಿಡಿದೆ.

ಅದು ಶುರುವಾದದ್ದು ಮಂಡಿನೋವಿನಿಂದ. ಒಂದು ಬೆಳಿಗ್ಗೆ ನನ್ನ ಹೆಂಡತಿ ಸರ್ವಮಂಗಳನ ಹತ್ತಿರ "ಮಂಡಿ ಯಾಕೋ ಹಿಡ್ಕೊಂಡಿದೆ ಕಣೇ" ಅಂದೆ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಫೋನಿನ ತುಂಬ ಮಂಡಿಗೆ ಹಚ್ಚುವ ಎಣ್ಣೆ, ಮಂಡಿಗೆ ಕಟ್ಟುವ ಪಟ್ಟಿಯ ಜಾಹೀರಾತು! ಅದು ನಿಜವಾಗಿ ಕದ್ದು ಕೇಳಿತೋ, ಕಾಕತಾಳೀಯವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಮಾತ್ರ ಮೈಯೆಲ್ಲ ಉರಿದುಹೋಯಿತು.

"ನೋಡಿದ್ಯಾ? ನಮ್ಮನೆ ಮಾತು ಸಮುದ್ರದಾಚೆ ಕೂತಿರೋನ ಕಿವಿಗೆ ಬೀಳ್ತಿದೆ!" ಎಂದು ಕೂಗಾಡಿದೆ.

"ಅವನಾದ್ರೂ ಕೇಳಿಸ್ಕೊಂಡ್ನಲ್ಲ ಬಿಡ್ರೀ. ನಾನು ಆರು ತಿಂಗಳಿಂದ ಸೊಂಟನೋವು ಅಂತಿದೀನಿ, ನೀವು ಕೇಳಿಸ್ಕೊಂಡ್ರಾ?" ಅಂದಳು.

ಸೊಂಟದ ಮಾತನ್ನು ಅಲ್ಲಿಗೇ ಬಿಟ್ಟು, ಮಾರನೆಯ ದಿನ ತರೀಕೆರೆ ಬಸ್ಸು ಹತ್ತಿದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ನಯಾಜ್ ಅಂತ ಒಬ್ಬ, ಮೊಬೈಲ್ ರಿಪೇರಿ ಮಾಡುತ್ತಾನೆ. ಕೆಟ್ಟ ಫೋನಿಗಿಂತ ಕೆಟ್ಟ ಕಂಪನಿಗಳ ಮೇಲೆ ಅವನಿಗೆ ಹೆಚ್ಚು ಸಿಟ್ಟು. ಎರಡು ಗಂಟೆ ಕೂತು, ನನ್ನ ಫೋನಿನಲ್ಲಿದ್ದ ಕಂಪನಿಯ ಸಾಮಾನನ್ನೆಲ್ಲ ಕಿತ್ತು ಬಿಸಾಕಿ, ಬೇರೆಯದನ್ನು ತುಂಬಿಕೊಟ್ಟ. "ಇದು ಮುಕ್ತ ತಂತ್ರಾಂಶ ಮೇಷ್ಟ್ರೇ. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು. ಇದ್ರಲ್ಲಿ ಬಚ್ಚಿಡೋದು ಅನ್ನೋದೇ ಇಲ್ಲ" ಅಂದ. ಎಲ್ಲ ಅರ್ಥವಾದವನಂತೆ ತಲೆಯಾಡಿಸಿದೆ.

ಅಲ್ಲಿಂದ ಮುಂದೆ ನಾನು ಊರಿಗೆ ತಡೆಯಲಾರದ ಪೀಡೆಯಾದೆ. ಕ್ಷೌರದಂಗಡಿಯಲ್ಲಿ ಉಪದೇಶ, ಬಸ್ಸಿನಲ್ಲಿ ಉಪದೇಶ. ಹಿರೇನಲ್ಲೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರಿಗೆ ಖಾಸಗಿತನ ಎಂದರೇನು ಅಂತ ವಿವರಿಸುತ್ತಿದ್ದೆ. ಅವರು ಹೋಳಿಗೆ ಬಡಿಸುವ ಮುಂಚೆಯೇ ಎಲೆ ಎತ್ತಿಕೊಂಡು ಎದುರು ಸಾಲಿಗೆ ಹೋಗಿ ಕೂತುಬಿಟ್ಟರು. ನಾನು ಅದನ್ನು ಅವರ ಅಜ್ಞಾನವೆಂದೇ ತಿಳಿದೆ.

ನಯಾಜ್ ಹಾಕಿಕೊಟ್ಟಿದ್ದರಲ್ಲಿ ಒಂದು ನಕ್ಷೆಯೂ ಇತ್ತು. ಅದು ಯಾವ ಕಂಪನಿಯ ಸ್ವತ್ತೂ ಅಲ್ಲವಂತೆ, ಆಯಾ ಊರಿನವರೇ ತಮ್ಮ ಊರನ್ನು ಬರೆದುಕೊಳ್ಳಬೇಕಂತೆ. ಅಜ್ಜಂಪುರ ತೆಗೆದು ನೋಡಿದೆ. ಒಂದು ರೈಲು ಹಳಿ, ಒಂದು ರಸ್ತೆ, ಉಳಿದದ್ದೆಲ್ಲ ಬಟಾಬಯಲು. ನಕ್ಷೆ ತುಂಬದೆ ಬಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ಸುಮ್ಮನಿರುತ್ತೇನೆಯೇ? ಛತ್ರಿ ಹಿಡಿದು ಮೂರು ತಿಂಗಳು ಬೀದಿ ಬೀದಿ ಅಲೆದೆ. ನಮ್ಮೂರಿನಲ್ಲಿ ಮನೆ ನಂಬರು ಹೇಳಿ ಯಾರ ಮನೆಯನ್ನೂ ಹುಡುಕುವುದಿಲ್ಲ, ನಿಮಗೂ ಗೊತ್ತಲ್ಲ. ಜನ ಏನನ್ನುತ್ತಾರೋ ಅದೇ ವಿಳಾಸ. ಹಾಗಾಗಿ ಜನ ಅಂದದ್ದನ್ನೇ ಬರೆದೆ. ಎಮ್ಮೆ ಡಾಕ್ಟರ ಮನೆ. ಜಗಳಗಂಟಿ ಮನೆ. ನಮ್ಮದೇ ಬೀದಿಗೆ ಬಂದಾಗ, ಓಡಿಹೋದೋಳ ಮನೆ.

ಅದು ರುದ್ರಮ್ಮನ ಮನೆ. ಅವರ ಮಗಳು ಮಂಜುಳ ಹದಿನಾಲ್ಕು ವರ್ಷದ ಹಿಂದೆ ತಾನು ಮೆಚ್ಚಿದವನ ಜೊತೆ ದಾವಣಗೆರೆಗೆ ಹೋಗಿ ಮದುವೆಯಾದಳು. ತಿರುಗಿ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ರುದ್ರಮ್ಮ ಹಳೇ ಮನೆ ಮಾರಿ ನಮ್ಮ ಬಡಾವಣೆಗೆ ಬಂದರು, ಆ ಹೆಸರೂ ಅವರ ಬೆನ್ನಿಗೇ ಬಂತು. ತಿಂಗಳಿಗೊಂದು ಡಬ್ಬಿ ಹುಚ್ಚೆಳ್ಳು ಚಟ್ನಿಪುಡಿ ನಮಗೆ ಕೊಡುತ್ತಿದ್ದ ಕೈ ಅವರದು. ನಾನು ಅದನ್ನು ನೆಕ್ಕಿಕೊಂಡು ತಿನ್ನುತ್ತಲೇ ಗ್ಯಾಸಿನವನಿಗೂ ಪೇಪರಿನವನಿಗೂ "ಓಡಿಹೋದೋಳ ಮನೆಯಿಂದ ಮೂರನೇದು ಕಣಪ್ಪ" ಎಂದು ಹೇಳಿಕೊಂಡು ಬಂದಿದ್ದೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಯೋಚನೆಯೇ ಮಾಡಿರಲಿಲ್ಲ. ನಕ್ಷೆಯಲ್ಲಿ ಬರೆದದ್ದೂ ಹಾಗೆಯೇ, ಬರೆದು ಮರೆತೂಬಿಟ್ಟೆ.

ಹೋದ ವರ್ಷ ಒಂದು ಸಂಜೆ ರುದ್ರಮ್ಮ ಬಂದರು. ಮುಖದಲ್ಲಿ ಸಂತೋಷ, ದಿಗಿಲು ಎರಡೂ ಇತ್ತು.

"ಮೇಷ್ಟ್ರೇ, ಮಂಜುಳ ಬತ್ತಾವ್ಳೆ. ಭಾನುವಾರ, ಮಗೂನೂ ಕರ್ಕಂಡು. ಈ ಮನೆ ಅವ್ಳು ನೋಡಿಲ್ಲ. ಸ್ಟೇಷನ್ನಿಗೆ ಬರ್ಬೇಡ, ನಾನೇ ಬತ್ತೀನಿ ಅಂತಾಳೆ. ಆದ್ರೆ ಯಾರನ್ನೂ ದಾರಿ ಕೇಳಕಿಲ್ಲ ಅಂತಾಳೆ. ಕೇಳುದ್ರೆ ಜನ ಏನಂತಾರೋ ಅಂತ ಭಯ ಅವ್ಳಿಗೆ."

ಎದೆ ಉಬ್ಬಿಸಿದೆ. "ಯಾರನ್ನ ಯಾಕೆ ಕೇಳ್ಬೇಕು? ನನ್ನ ನಕ್ಷೆ ಇರೋದು ಯಾತಕ್ಕೆ? ಅವಳ ನಂಬರ್ ಕೊಡಿ" ಅಂದೆ. ಅಲ್ಲೇ ನಿಂತು ಮಂಜುಳನಿಗೆ ನಕ್ಷೆಯ ಲಿಂಕು ಕಳಿಸಿದೆ. ಅಷ್ಟು ಸಾಲದೆ, ಇದು ನಿನ್ನ ಹೆಜ್ಜೆಯ ಜಾಡು ಹಿಡಿಯದ ನಕ್ಷೆಯಮ್ಮಾ ಎಂದು ಒಂದು ಸಾಲು ಬೇರೆ ಸೇರಿಸಿದೆ.

ಭಾನುವಾರ ಹತ್ತೂವರೆಗೆ ರೈಲು ಬಂದು ಹೋದ ಸದ್ದು ಕೇಳಿತು. ಸ್ಟೇಷನ್ನಿನಿಂದ ನಮ್ಮ ಬೀದಿಗೆ ಹತ್ತು ನಿಮಿಷದ ನಡಿಗೆ. ಹನ್ನೆರಡಾದರೂ ಮಂಜುಳನ ಸುಳಿವಿಲ್ಲ. ರುದ್ರಮ್ಮ ಒಬ್ಬಟ್ಟು ಬೇಯಿಸಿದ ಕೈಯಲ್ಲೇ ಓಡಿಬಂದರು. "ಫೋನ್ ಎತ್ತಕಿಲ್ಲ ಕಣ್ರೀ ಮೇಷ್ಟ್ರೇ. ದಾರಿ ತಪ್ಪಿದ್ಲಾ?"

ನನ್ನ ನಕ್ಷೆಯಲ್ಲಿ ದಾರಿ ತಪ್ಪುವುದೇ? ಸರಿಯಾಗಿದೆ ಎಂದು ತೋರಿಸಲು ಅವರ ಮುಂದೆಯೇ ಫೋನು ತೆಗೆದೆ. ಬೀದಿ ಬಂತು, ಮನೆ ಬಂತು, ಮನೆಯ ಮೇಲೆ ನಾನು ಬರೆದ ಹೆಸರೂ ಬಂತು. ಅಚ್ಚುಕಟ್ಟಾದ ಕನ್ನಡದಲ್ಲಿ. ರುದ್ರಮ್ಮನಿಗೆ ಓದಲು ಬರುತ್ತಿತ್ತು.

ಅವರು ಕೂಗಾಡಲಿಲ್ಲ. "ಬಾಯಲ್ಲಿ ಅನ್ನೋರನ್ನ ನಾನೂ ಬಾಯಲ್ಲೇ ಜಾಡಿಸ್ತಿದ್ದೆ ಮೇಷ್ಟ್ರೇ. ನೀವು ಬರ್ದ್‌ಬಿಟ್ಟಿದ್ದೀರಲ್ಲ" ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು.

ಸ್ಟೇಷನ್ನಿಗೆ ಓಡಿದೆ. ಮಂಡಿನೋವು ಅವತ್ತು ನೆನಪಿಗೇ ಬರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಂಜುಳ ಕೂತಿದ್ದಳು, ಪಕ್ಕದಲ್ಲಿ ನಿದ್ದೆಹೋದ ಹೆಣ್ಣುಮಗು. ವಾಪಸು ಹೋಗಲು ಟಿಕೆಟ್ ತೆಗೆದಾಗಿತ್ತು. ಅವಳೂ ನನ್ನ ಶಿಷ್ಯೆಯೇ, ಒಂದು ದಿನವೂ ಸಮುದ್ರದ ಬಣ್ಣವನ್ನು ಗೀಟು ದಾಟಿಸಿದವಳಲ್ಲ. ನನ್ನನ್ನು ಕಂಡು ಎದ್ದು ನಿಂತಳು. ಆ ಮರ್ಯಾದೆಯೇ ನನ್ನನ್ನು ಕೊಂದಿತು.

"ರೈಲಿಳಿದ ಮೇಲೆ ನಿಮ್ಮ ನಕ್ಷೆ ತೆಗೆದು ನೋಡಿದೆ. ಬರೆದೋರ ಹೆಸರೂ ಇದೆ ಅದ್ರಲ್ಲಿ. ನೀವೇ ಅಲ್ವಾ ಸಾರ್?"

"ನಾನೇ ಕಣಮ್ಮ. ತಪ್ಪಾಯ್ತು."

"ಹದಿನಾಲ್ಕು ವರ್ಷ ಆಯ್ತು ಸಾರ್. ಮದುವೆಯಾಗಿ, ಕೆಲಸ ಹಿಡಿದು, ಸ್ವಂತ ಮನೆ ಕಟ್ಟಿ ಕೂತಿದೀನಿ. ಈ ಊರಲ್ಲಿ ನಾನು ಇನ್ನೂ ಓಡ್ತಾನೇ ಇದೀನಾ?"

ಫೋನು ತೆಗೆದೆ. ಅವಳ ಎದುರಿಗೇ ಆ ಹೆಸರು ಅಳಿಸಿದೆ. ಅವಳು ಅಳಿಸಿದ ಜಾಗವನ್ನೊಮ್ಮೆ ನೋಡಿ, ಮಗುವನ್ನು ಹೆಗಲಿಗೆ ಹಾಕಿಕೊಂಡಳು. "ನಡೀರಿ. ಅಮ್ಮ ಕಾಯ್ತಿರ್ತಾಳೆ. ದಾರಿ ನೀವೇ ತೋರ್ಸಿ." ಬ್ಯಾಗು ಹೊತ್ತುಕೊಂಡು ಮುಂದೆ ನಡೆದೆ.

ಆಮೇಲೆ ನಯಾಜ್‌ನಿಂದ ಗೊತ್ತಾಯಿತು, ಅಳಿಸಿದರೂ ಹಿಂದೆ ಏನಿತ್ತು ಎಂಬುದು ಆ ನಕ್ಷೆಯ ಚರಿತ್ರೆಯಲ್ಲಿ ಹಾಗೇ ಕೂತಿರುತ್ತದೆ ಅಂತ. "ಬಚ್ಚಿಡೋದು ಇಲ್ಲ ಅಂದಿದ್ನಲ್ಲ ಮೇಷ್ಟ್ರೇ" ಅಂದ. ಅದನ್ನೂ ತೆಗೆಸಲು ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಉಳಿದ ಮನೆಗಳ ಬಾಗಿಲಿಗೂ ಹೋಗಿ, ಹೆಸರು ಇರಲೋ ಬೇಡವೋ ಎಂದು ಕೇಳಿ ಬಂದೆ. ಜಗಳಗಂಟಿ ಮನೆಯಲ್ಲಿ ಏನಾಯಿತೆಂದು ನೀವು ಕೇಳಬೇಡಿ. ಕಂಪನಿಯನ್ನೇನೂ ನಾನು ಮತ್ತೆ ಕರೆದುಕೊಂಡಿಲ್ಲ. ಆದರೆ ಅದು ನನ್ನ ಮಂಡಿನೋವನ್ನು ಎಣ್ಣೆಯವನಿಗಷ್ಟೇ ಹೇಳಿತ್ತು, ನಾನು ರುದ್ರಮ್ಮನ ನೋವನ್ನು ಲೋಕಕ್ಕೆಲ್ಲ ಬರೆದಿಟ್ಟೆ. ಮಂಜುಳ ಈಗ ಹಬ್ಬಕ್ಕೆ ಬಂದು ಹೋಗುತ್ತಾಳೆ. ಚಟ್ನಿಪುಡಿ ಮಾತ್ರ ಆ ಭಾನುವಾರದಿಂದ ನಿಂತುಹೋಗಿದೆ. ಬರಿಯ ರೊಟ್ಟಿ ಬಡಿಸುವಾಗೆಲ್ಲ ಸರ್ವಮಂಗಳ ನನ್ನ ಮುಖ ನೋಡುತ್ತಾಳೆ.

ಹಾಂ, ಚಪ್ಪಲಿ ಸಿಕ್ಕಿತು. ಈಗ ನಾನು ಮಾಡುವುದಿಷ್ಟೇ, ಛತ್ರಿ ಹಿಡಿದು ಬೀದಿಯ ನಡುವೆ ನಿಂತು, ನಾನೇ ಲ್ಯಾಂಡ್‌ಮಾರ್ಕು ಬಾರಪ್ಪ ಎನ್ನುವುದು. ಒಂದು ವರ್ಷದಿಂದ ಹೀಗೇ ನಿಲ್ಲುತ್ತಿದ್ದೇನೆ. ಇವತ್ತೂ ಬಂದು ನಿಂತೆ. ರುದ್ರಮ್ಮ ತಮ್ಮ ಜಗಲಿಯಲ್ಲಿ ಕೂತು ಹುಚ್ಚೆಳ್ಳು ಕೇರುತ್ತಿದ್ದಾರೆ. ದಿನವೂ ನೋಡಿಯೂ ನೋಡದಂತೆ ಇರುವವರು ಇವತ್ತು ಮೊರ ಕೆಳಗಿಟ್ಟರು.

"ಎಷ್ಟು ದಿನ ಅಂತ ಬಿಸಿಲಲ್ಲಿ ನಿಂತ್ಕತೀರಾ ಮೇಷ್ಟ್ರೇ? ರುದ್ರಮ್ಮನ ಮನೆಯಿಂದ ಮೂರನೇದು ಅನ್ನಿ."

"ಹೇಳ್ಲಾ?" ಅಂದೆ.

"ಈಗ ಬರೋನಿಗೆ ಹೇಳಿ" ಎಂದು ಅವರು ಮತ್ತೆ ಮೊರ ಎತ್ತಿಕೊಂಡರು. "ಬರೀಬೇಡಿ."