ಗೋಡೆಗೆ ಮುಖ ಮಾಡಿದ್ದ ಬೋಗುಣಿ

ಹೊನ್ನಾವರದ ಕರಕುಶಲ ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಮರಗೆಲಸ ಕಲಿಸಿ, ಈ ೨೦೦೮ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ದೇವಪ್ಪ ಮಾಸ್ತರರು ಕೆತ್ತನೆಯ ಬೋಗುಣಿಗಳಿಂದಲೇ ಮನೆಮಾತಾದವರು. ಅವರ ಬೋಗುಣಿ ಅಡುಗೆಮನೆಗೆ ಹೋಗುವುದಿಲ್ಲ. ಗೃಹಪ್ರವೇಶದ ದಿನ ಅಕ್ಕಿ ತುಂಬಿಸಿಕೊಂಡು ಜಗಲಿಯಲ್ಲಿ ಕೂರುತ್ತದೆ. ಅದು ಗಟ್ಟಿಯಿದ್ದರೆ ಮನೆಯೂ ಗಟ್ಟಿ ಎಂದು ಕೊಂಡವರು ನಂಬಿಕೊಂಡರು. ಆ ನಂಬಿಕೆಗೆ ಎಲ್ಲರಿಗಿಂತ ಹೆಚ್ಚು ಹೆದರಿದವರು ಮಾಸ್ತರರೇ. ಹಲಸಿನ ಮರವನ್ನು ಒರಟಾಗಿ ತೋಡಿ, ಒಂದು ಮಳೆಗಾಲ, ಒಂದು ಚಳಿಗಾಲ ಮರದ ಹೊಟ್ಟಿನಲ್ಲಿ ಹೂತಿಟ್ಟು, ಬಿರಿಯದೆ ಉಳಿದದ್ದಕ್ಕೆ ಮಾತ್ರ ಹೂಬಳ್ಳಿ ಕೆತ್ತುವುದು ಅವರ ಕಟ್ಟುನಿಟ್ಟು.

ಅದು ಒಮ್ಮೆ ಮಾತ್ರ ತಪ್ಪಿತು. ಮಾವಳ್ಳಿಗೆ ಮದುವೆಯಾಗಿ ಹೋಗಿದ್ದ ಶಿಷ್ಯೆ ಮಾಲತಿ, ೧೯೯೯ರ ಬೇಸಿಗೆಯಲ್ಲಿ ಹೊಸಮನೆ ಒಕ್ಕಲಿಗೆ ಬೋಗುಣಿ ಬೇಕೇ ಬೇಕೆಂದು ಹಟ ಹಿಡಿದಳು. ಮಗಳಂಥವಳು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡೇ ತಿಂಗಳು ಒಣಗಿದ ಮರವನ್ನು ಕೆತ್ತಿ ಕೊಟ್ಟರು. ಕೊಟ್ಟ ದಿನದಿಂದ ಅವರ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಮಳೆ ಮುಗಿದು ಗಾಳಿ ಒಣಗಿದ ಮೇಲಂತೂ ಏನಾದರೊಂದು ನೆವ ಹೇಳಿ ಭಾನುವಾರ ಭಾನುವಾರ ಮಾವಳ್ಳಿಯ ಬಸ್ಸು ಹತ್ತುವರು. ಚಹಾ ಕುಡಿಯುತ್ತ ಕಣ್ಣಲ್ಲೇ ಬೋಗುಣಿಯನ್ನು ತಡಕುವರು.

ಡಿಸೆಂಬರಿನ ಒಂದು ಭಾನುವಾರ ಬೋಗುಣಿಯ ಹೂಬಳ್ಳಿಯ ಮಗ್ಗುಲು ಗೋಡೆಯತ್ತ ತಿರುಗಿತ್ತು. ಮಾಲತಿಗೆ ಆಗ ಏಳು ತಿಂಗಳು. ಅವಳ ಬಿಳಿಚಿದ ಮುಖ ಕಂಡೊಡನೆ ಮಾಸ್ತರರಿಗೆ ತಿಳಿಯಿತು: ಬೋಗುಣಿ ಬಿರಿದಿದೆ, ಅತ್ತೆ ಗಂಗೆಯಮ್ಮ ನೋಡಿದರೆ ಹುಟ್ಟುವ ಕೂಸಿಗೆ ಅಪಶಕುನವೆಂದಾರು ಎಂದು ಹುಡುಗಿ ಹೆದರಿ ತಿರುಗಿಸಿಟ್ಟಿದ್ದಾಳೆ. ಸುಮ್ಮನಿರಿ ಎಂದು ಅವಳು ಕಣ್ಣಲ್ಲೇ ಬೇಡಿದಳು. ಸುಮ್ಮನಿದ್ದರೆ ಮಾಸ್ತರರ ಹೆಸರೂ ಉಳಿಯುತ್ತಿತ್ತು. ಆದರೆ ನಾಳೆ ಯಾರಾದರೂ ಕಂಡರೆ ತಪ್ಪೆಲ್ಲ ಅವಳ ತಲೆಗೇ. ಗಂಗೆಯಮ್ಮನನ್ನು ಕರೆದು, ಅವರೇ ಬೋಗುಣಿಯನ್ನು ತಿರುಗಿಸಿದರು. ಅಂಚಿನಿಂದ ತಳದವರೆಗೆ ಸೀಳಿತ್ತು.

ಗಂಗೆಯಮ್ಮ ಸೀಳಿನುದ್ದಕ್ಕೂ ಬೆರಳಾಡಿಸಿದರು.

“ಎಂತ ಮಾಸ್ತರೆ, ಇದು ನಮ್ಮ ಮನೆಗೆ ಬಂದ ಒಡಕಾ?”

“ಅಲ್ಲ ಅಮ್ಮ. ಮರ ಒಣಗುಕೆ ಬಿಡದೇ ಕೊಟ್ಟೆ. ಇದು ನನ್ನ ಅವಸರದ ಒಡಕು.”

“ಆತು. ಹಂಗಾರೆ ಮುಚ್ಚೂದು ಎಂತಕ್ಕೆ? ಎದುರಿಗೇ ಇರ್ಲಿ.”

ಮಾಲತಿ ಕುಳಿತಲ್ಲೇ ಅತ್ತುಬಿಟ್ಟಳು. ಮಾಸ್ತರರ ದಿಗಿಲು ಮಾತ್ರ ಇಳಿಯಲಿಲ್ಲ. ಫೆಬ್ರವರಿಯಲ್ಲಿ ತಾಯಿ, ಮಗು ಕ್ಷೇಮವೆಂಬ ಕಾಗದ ಬರುವತನಕ ಅವರು ಉಳಿ ಹಿಡಿಯಲಿಲ್ಲ.

ಈ ಬೀಳ್ಕೊಡುಗೆ ಸಮಾರಂಭಕ್ಕೆಂದು ಶಿಷ್ಯರು ಮಾಡಿದ ಬೋಗುಣಿಯನ್ನು ಕಳೆದ ವಾರ ಅವರು ಬೆರಳಿನಿಂದ ಸವರಿ ನೋಡಿ, ಮರ ಇನ್ನೂ ಹಸಿಯೆಂದು ತಿರುಗಿ ಹೊಟ್ಟಿನಲ್ಲಿ ಹೂಳಿಸಿದರು. ಹಾಗಾಗಿ ಇಂದು ಹಾರ, ಶಾಲು ಮಾತ್ರ. ಬರುವ ವರ್ಷ ಆ ಬೋಗುಣಿಯನ್ನು ಸ್ವೀಕರಿಸಲೂ, ಆಮೇಲೆಯೂ ಹಲವು ಮಳೆಗಾಲ ನಮ್ಮ ಮರಗಳಿಗಾಗಿ ಹೆದರುತ್ತಿರಲೂ ಮಾಸ್ತರರಿಗೆ ಆಯುಷ್ಯ, ಆರೋಗ್ಯ ಒದಗಲಿ.