ಖಾನಾವಳಿಯ ನೀಲಿ ಬೋರ್ಡು

ನಾನು ಕಷ್ಟಪಟ್ಟು ಮಾಡಿದ್ದ ಅಂಗಡಿ ಬೋರ್ಡಿನ ವಿನ್ಯಾಸವನ್ನು ಸರ್ವಮಂಗಳಾ ಮೇಡಂ ತಲೆಕೆಳಗಾಗಿ ಗೋಡೆಗೆ ಅಂಟಿಸಿದರು. ಅವಮಾನವೆಂದೇ ತಿಳಿದೆ.

“ಓದ್ಬೇಡಿ, ಬರೀ ನೋಡಿ. ಜಾಸ್ತಿ ಓದಿರೋರ ಜೊತೆ ಇದೇ ಕಷ್ಟ ಕಣಮ್ಮ,” ಎಂದು ನಕ್ಕರು.

ಮೇಡಂ ಮೈಸೂರಿನ ಶ್ರೀರಾಂಪುರದ ತಮ್ಮ ಮನೆಯ ಮಹಡಿಯಲ್ಲಿ ಗ್ರಾಫಿಕ್ ಡಿಸೈನ್ ಮಾಡುತ್ತಾರೆ: ಬೋರ್ಡು, ಮುಖಪುಟ, ಊದುಬತ್ತಿಯ ಪೊಟ್ಟಣ. ನಾನು ವಿಜಯಪುರದವಳು. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಈ ಕೆಲಸ ಕಲಿಯಲೆಂದು ಬಂದು ಬೋಗಾದಿಯಲ್ಲಿ ಕೋಣೆ ಹಿಡಿದಿದ್ದೆ. ಅಲ್ಲೇ ಹೊಸದಾಗಿ ತೆರೆಯುತ್ತಿದ್ದ ಖಾನಾವಳಿಗೆ ಈ ಬೋರ್ಡು. ಒಪ್ಪಿಗೆಯಾದರೆ ಮೇಡಂ ಬಳಿ ಕೆಲಸ. ಇಲ್ಲವಾದರೆ ಊರಿಗೆ ವಾಪಸ್, ಭಾವ ಮಾತಾಡಿಟ್ಟಿರುವ ಕಾಲೇಜಿನ ಪಾಠ ಹೇಳುವ ಕೆಲಸಕ್ಕೆ.

ನೋಡಿದೆ. ಅಕ್ಷರಗಳು ಮಾತು ನಿಲ್ಲಿಸಿ ಆಕಾರಗಳಾದವು. ‘ಜೋಳದ ರೊಟ್ಟಿ’ಯ ಒತ್ತು ಕೆಳಸಾಲಿನ ‘ಖಾನಾವಳಿ’ಗೆ ಹೋಗಿ ತಾಗಿತ್ತು. ಇಂಗ್ಲಿಷ್ ಸಾಲುಗಳ ನಡುವೆ ಬಿಡುವಷ್ಟೇ ಜಾಗವನ್ನು ಕನ್ನಡಕ್ಕೂ ಬಿಟ್ಟಿದ್ದೆ. ಬಾಲ್ಯದಿಂದ ಓದುತ್ತ ಬಂದ ಅಕ್ಷರಗಳನ್ನು ನಾನು ಒಮ್ಮೆಯೂ ನೋಡಿಯೇ ಇರಲಿಲ್ಲವೇ? ಸಂಜೆ ಬಸ್ಸಿನ ಕಿಟಕಿಯಲ್ಲಿ ಒಂದೊಂದು ಬೋರ್ಡೂ ಈಗಷ್ಟೇ ಹುಟ್ಟಿದಂತೆ ಕಂಡಿತು. ಇಳಿಯುವ ಸ್ಟಾಪು ದಾಟಿಹೋಗಿತ್ತು.

ಆ ಬೆರಗನ್ನು ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ನಮ್ಮಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿ ಮಾತಾಡುತ್ತೇವೆ. ಇಲ್ಲಿ ಮನೆಯ ಓನರ್ ಆಂಟಿ, “ನೀವು ಫೋನಲ್ಲಿ ಮಾತಾಡಿದ್ರೆ ಜಗಳ ಅನ್ಕೋತೀನಿ ಕಣ್ರೀ,” ಎಂದ ಮೇಲೆ ದನಿ ತಗ್ಗಿಸಿದ್ದೆ. ಆಮೇಲೆ ಮಾತೂ ಬದಲಾಯಿತೇನೋ, ನನಗೆ ಗೊತ್ತಾಗಲಿಲ್ಲ.

ಸಾಲು ಸರಿಪಡಿಸಿದ ಮೇಲೆ ಮೇಡಂ ಬಣ್ಣ ನೋಡಿದರು. “ನಿಮ್ಮೂರಲ್ಲಿ ಖಾನಾವಳಿ ಬೋರ್ಡು ಹಳದೀನಾ?”

“ಹೌದ್ರಿ, ಕಣ್ಣಾಗ ಕಟ್ಟಿದಂಗ ಅದ.”

“ಯಾವುದಕ್ಕೂ ಒಂದ್ಸಲ ಕೇಳ್ಬುಡಿ.”

ಅಕ್ಕ ನಮ್ಮ ಓಣಿಯ ಖಾನಾವಳಿಯ ಫೋಟೊ ಕಳಿಸಿದಳು. ನೀಲಿ ಹಲಗೆ, ಬಿಳಿ ಅಕ್ಷರ. “ಯಾವಾಗ್ಲೂ ನೀಲಿನೇ ಅದ. ಇಷ್ಟ್ ಲಗೂ ಊರು ಮರ್ತಿಯೇನು?” ಎಂದಳು.

ಹಳದಿ ಎಲ್ಲಿಂದ ಬಂತೋ ತಿಳಿಯದು. ಸಂಜೆಯ ಬಲ್ಬಿನ ಬೆಳಕಿರಬಹುದು. ನಮ್ಮ ಕಡೆಯ ಊಟವೆಂದು ತೋರಿಸಲು ಇಲ್ಲಿಯವರು ಬೋರ್ಡಿಗೆ ಬಳಿಯುವ ಬಣ್ಣವೂ ಇರಬಹುದು. ನೀಲಿಯಲ್ಲೇ ಮತ್ತೆ ಮಾಡಿದೆ.

ಮೇಡಂ ಬಹಳ ಹೊತ್ತು ನೋಡಿದರು. “ಈಗ ಉಸಿರಾಡ್ತಿದೆ. ಸೋಮವಾರದಿಂದ ಕೆಲಸಕ್ಕೆ ಬಂದ್ಬುಡಿ.”

ಬೋರ್ಡು ಏರಿದ ದಿನ ಇಬ್ಬರೂ ಅಲ್ಲಿಗೆ ಊಟಕ್ಕೆ ಹೋದೆವು. ಬಾಗಲಕೋಟೆ ಕಡೆಯ ಮಾಲೀಕರು, “ಥೇಟ್ ನಮ್ಮೂರಾಗ ನಿಂತಂಗ ಆಗೈತ್ರಿ,” ಎಂದು ಹಿಗ್ಗಿದರು. ತಾಟಿಗೆ ರೊಟ್ಟಿ ಹಾಕಿ ನನ್ನ ಕಡೆ ತಿರುಗಿದರು. “ನೀವು ಮೈಸೂರವ್ರು. ಬದನಿಕಾಯಿ ಎಣಗಾಯಿ ಖಾರ ಐತಿ, ಮೊಸರು ಕೊಡ್ಲೇನ್ರಿ?”

“ಬ್ಯಾಡ್ರಿ. ನಾ ವಿಜಯಪುರದಾಕಿ,” ಎಂದೆ.

ಎರಡನೆಯ ತುತ್ತಿಗೇ ಕಿವಿ ಬಿಸಿಯಾಯಿತು. ಮೇಡಂ ತಮ್ಮ ಮೊಸರಿನ ಬಟ್ಟಲನ್ನು ನನ್ನ ಕಡೆ ಸರಿಸಿದರು.